ಪ್ರೊಫೆಷನಲ್ ಫಾರ್ವರ್ಡ್ ಬಸವಲಿಂಗಪ್ಪ

ಸ್ಯಾನ್ ಡಿಯೇಗೊದ ಕನ್ನಡಿಗರ ವಿಳಾಸ ಪುಸ್ತಕದಲ್ಲಿ ಮನೆಗೊಂದೇ ಉದ್ಯೋಗದ ಕಾಲಂ. ಆ ಕಾಲಂ ಯಾರದೋ ಅವರ ಹೆಸರು ಮೇಲೆ. ಉಳಿದವರದು ಕೆಳಗೆ, ಇಂಥವರ ಪತ್ನಿ ಎಂದು. ನೂರಾ ಹನ್ನೆರಡು ಮನೆಗಳಲ್ಲಿ ಕೆಳಗಿದ್ದ ಗಂಡಸು ಒಬ್ಬನೇ, ಬಸವಲಿಂಗಪ್ಪ. 'ವೈಶಾಲಿಯವರ ಪತಿ.'

2001ರಲ್ಲಿ ವೈಶಾಲಿಗೆ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಅವನು ಗದಗಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಕಬಡ್ಡಿಯಲ್ಲಿ ಅವನನ್ನು ಕೆಡವಲು ನಾಲ್ವರು ಬೇಕಾಗುತ್ತಿತ್ತು. ಹೆಂಡತಿಯ ವೀಸಾದ ಬಾಲ ಹಿಡಿದು ಬಂದವನಿಗೆ ಈ ದೇಶದಲ್ಲಿ ದುಡಿಯುವ ಹಕ್ಕಿರಲಿಲ್ಲ, ಅಡುಗೆ ಮಾಡುವ ಹಕ್ಕಿತ್ತು. ಜೋಳದ ರೊಟ್ಟಿ ಬಡಿಯುವುದನ್ನು ಕಲಿತ. ಸಂಘದ ಊಟಗಳಲ್ಲಿ ಎಲ್ಲರೂ ಆ ರೊಟ್ಟಿ ಹೊಗಳಿ ತಿಂದು, ಕೈ ತೊಳೆದುಕೊಂಡು, "ಮತ್ತೆ, ನೀವೆಲ್ಲಿ ವರ್ಕ್ ಮಾಡೋದು ಸರ್?" ಎನ್ನುತ್ತಿದ್ದರು. ಗೊತ್ತಿದ್ದವರೇ ಕೇಳುತ್ತಿದ್ದರು.

2003ರಲ್ಲಿ ಒಂದು ದಿನ ಅಂಗಡಿಯ ಮುಂದೆ ಕೆಟ್ಟು ನಿಂತಿದ್ದ ವ್ಯಾನನ್ನು ಅವನೊಬ್ಬನೇ ರಸ್ತೆಯವರೆಗೆ ತಳ್ಳಿದ. ವ್ಯಾನಿನೊಳಗಿದ್ದವನು ಲಾಸ್ ಏಂಜಲೀಸಿನ ರಗ್ಬಿ ಲೀಗ್ ತಂಡದ ಕೋಚ್, ಆಸ್ಟ್ರೇಲಿಯಾದವನು. ಮರುವಾರವೇ ಬಸವಲಿಂಗಪ್ಪ ಫಾರ್ವರ್ಡ್ ಆದ. ಫಾರ್ವರ್ಡಿನ ಕೆಲಸ ಸರಳ: ಚೆಂಡನ್ನು ಅಪ್ಪಿಕೊಂಡು ಎದುರಿನ ಮೂವರೊಳಗೆ ನೇರ ನುಗ್ಗಬೇಕು, ಬೀಳಬೇಕು, ಎದ್ದು ಚೆಂಡನ್ನು ನೆಲಕ್ಕಿಟ್ಟು ಅಂಗಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹಿಂದಿದ್ದವನು ಅದನ್ನೆತ್ತಿಕೊಂಡು ಆಟ ಮುಂದುವರಿಸುತ್ತಾನೆ.

"ತಲಿ ಓಡಿಸೂದೇನೂ ಇಲ್ಲಂತ," ಎಂದ ಬಸವಲಿಂಗಪ್ಪ ಹೆಮ್ಮೆಯಿಂದ.

"ಅದಕ್ಕ ನಿಮ್ಮನ್ನ ಆರಿಸ್ಯಾರ್ರೀ," ಎಂದಳು ವೈಶಾಲಿ.

ನುಗ್ಗುವುದು, ಬೀಳುವುದು ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಂಗಾಲು. ಕಾಲು ತಾಕಿದ್ದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅವನು ಹುಟ್ಟಿದಂದಿನಿಂದ ಒಂದು ಹೆಜ್ಜೆ ಮುಂದಿಟ್ಟವನಲ್ಲ. ಅಭ್ಯಾಸದಲ್ಲಿ ಚೆಂಡು ಉರುಳಿಸಿದ ಕೂಡಲೇ ಅವನು ತಿರುಗಿ ಬಗ್ಗುತ್ತಿದ್ದ, ಹಿಂದಿದ್ದವನೂ ಬಗ್ಗುತ್ತಿದ್ದ, ಇಬ್ಬರ ತಲೆಗಳೂ ಢಿಕ್ಕಿ ಹೊಡೆಯುತ್ತಿದ್ದವು. ಆ ತಂಡಕ್ಕೆ ಎದುರಾಳಿಗಳಿಗಿಂತ ಹೆಚ್ಚು ಗಾಯ ಮಾಡಿದವನು ಅವನೇ. ನಾಲ್ಕು ವರ್ಷ ಕೋಚ್ ಅವನನ್ನು ಬದಲಿ ಆಟಗಾರರ ಬೆಂಚಿನ ಮೇಲೇ ಇಟ್ಟ.

2007ರ ಕೊನೆಗೆ ಅವನಿಗೂ ವರ್ಕ್ ಪರ್ಮಿಟ್ ಬಂತು. ಅದೇ ಚಳಿಗಾಲದಲ್ಲಿ, ಆಡುವ ಹದಿಮೂರು ಜನರಿಗೆ ಸಂಬಳ ಕೊಡುವುದೆಂದು ತಂಡ ತೀರ್ಮಾನಿಸಿತು. ಬಸವಲಿಂಗಪ್ಪ ಆ ದಿನವೇ ಸಂಘದ ಕಾರ್ಯದರ್ಶಿ ಅರವಿಂದನಿಗೆ ಫೋನ್ ಮಾಡಿದ.

"ನನ್ನ ಕಾಲಮ್ಮಿನಾಗ ಪ್ರೊಫೆಷನಲ್ ಫಾರ್ವರ್ಡ್ ಅಂತ ಹಾಕ್ರಿ."

"ಓಕೆ ಸರ್. ಯಾರಿಗೆ ಫಾರ್ವರ್ಡ್ ಮಾಡ್ಬೇಕು?"

"ಯಾರಿಗೂ ಬ್ಯಾಡ್ರಿ! ನಾನ ಫಾರ್ವರ್ಡ್!"

ಅರ್ಥವಾಗಲು ಕಾಲು ಗಂಟೆ ಹಿಡಿಯಿತು. "ಒಂದು ಮ್ಯಾಚ್ ಆದ್ರೂ ಆಡ್ಬಿಡಿ ಸರ್," ಎಂದ ಅರವಿಂದ. "ಏಪ್ರಿಲ್‌ನಲ್ಲಿ ಪ್ರಿಂಟಿಗೆ ಹೋಗುತ್ತೆ. ಸಂಘದ ಪುಸ್ತಕ ನೋಡಿ, ಸುಳ್ಳು ಹಾಕೋಕಾಗಲ್ಲ."

ಕೋಚ್ ಕೂಡ ಒಂದು ಷರತ್ತು ಹಾಕಿದ: ಆಡಿಸುತ್ತೇನೆ, ಆದರೆ ಇನ್ನೊಮ್ಮೆ ಬಗ್ಗಿದರೆ ಅದೇ ಕೊನೆ.

ಫೋರ್ ಎಸ್ ರ‍್ಯಾಂಚಿನ ಹೊಸ ಮನೆಯಲ್ಲಿ ತಾಲೀಮು ಶುರುವಾಯಿತು. ದಿಂಬು, ಕುಂಬಳಕಾಯಿ, ಖಾಲಿ ಹಾಲಿನ ಡಬ್ಬ, ಎಲ್ಲವನ್ನೂ ಅಂಗಾಲಿನಿಂದ ಉರುಳಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ನಿಲ್ಲುತ್ತಿದ್ದ. ಹೀಗೆ ಮಾಡಬೇಕು ನೋಡು ಎಂದು ವೈಶಾಲಿಗೂ ಕಲಿಸಿದ. ಅವಳಿಗೆ ಎರಡನೇ ಸಲಕ್ಕೇ ಬಂತು.

ಮಾರ್ಚ್‌ನಲ್ಲಿ ಬರ್ಬ್ಯಾಂಕಿನ ಮೈದಾನ. ತಂಡದ ಅರ್ಧದಷ್ಟು ಜನ ಸಿನಿಮಾ ಸ್ಟುಡಿಯೋಗಳಲ್ಲಿ ಬೀಳುವುದನ್ನೇ ಕಸುಬಾಗಿಸಿಕೊಂಡ ಸ್ಟಂಟ್‌ನವರು. ಎಷ್ಟು ಎತ್ತರದಿಂದ ಬಿದ್ದರೂ ಅವರ ಕೂದಲು ಕೆದರುತ್ತಿರಲಿಲ್ಲ. ಬಸವಲಿಂಗಪ್ಪ ನಿಜವಾಗಿಯೇ ಬೀಳುತ್ತಿದ್ದ. ಮೊದಲ ಸಲ ಚೆಂಡು ಹಿಡಿದು ನುಗ್ಗಿದ, ಬಿದ್ದ, ಎದ್ದ, ಉರುಳಿಸಿದ, ಬಗ್ಗಲಿಲ್ಲ. ಕೋಚ್ ಟೋಪಿ ಹಾರಿಸಿದ. ಎರಡನೆಯ ಸಲವೂ ಬಗ್ಗಲಿಲ್ಲ. ಮೂರನೆಯ ಸಲ, ನಾಲ್ಕನೆಯ ನಿಮಿಷದಲ್ಲಿ, ಹಿಂದಿನ ಎರಡು ಪಾಪಗಳೂ ಸೇರಿ ಅವನ ಕತ್ತು ಹಿಡಿದು ಬಗ್ಗಿಸಿದವು. ಕೈ ಕಣ್ಣಿಗೆ ಮುಟ್ಟುವಷ್ಟರಲ್ಲಿ ಎದುರಾಳಿಯ ಮೊಣಕಾಲು ಹೆಗಲಿಗೆ ಮುಟ್ಟಿತು. ಭುಜದ ಮೂಳೆ ಮುರಿಯಿತು. ಅಡ್ಡ ನಿಂತನೆಂದು ರೆಫರಿ ಅವನ ವಿರುದ್ಧವೇ ಪೆನಾಲ್ಟಿ ಕೊಟ್ಟ.

ಸ್ಟ್ರೆಚರಿನ ಮೇಲಿಂದ ಅವನು ಕೇಳಿದ್ದು ಒಂದೇ ಮಾತು: "ವೈಶಾಲಿ, ಇದು ಮ್ಯಾಚ್ ಆಡಿಧಂಗ ಆತಿಲ್ಲೊ?"

"ಆತ್ರೀ. ಸುಮ್ನ ಮಲಗ್ರಿ."

ಮೇ ತಿಂಗಳಲ್ಲಿ ಪುಸ್ತಕ ಬಂತು. ಬಸವಲಿಂಗಪ್ಪನ ಹೆಸರು ಮೇಲಿನ ಸಾಲಿನಲ್ಲಿತ್ತು: 'ಪ್ರೊಫೆಷನಲ್ ಫಾರ್ವರ್ಡ್.' ಅವನು ಅದನ್ನು ಮೂರು ಸಲ ಓದಿ ಹೆಂಡತಿಯ ಕೈಗೆ ಕೊಟ್ಟ. ವೈಶಾಲಿ ಕೆಳಗಿನ ಸಾಲನ್ನು ಓದಿದಳು. ಏಳು ವರ್ಷ ಚಿಪ್ ಎಂಜಿನಿಯರ್ ಆಗಿದ್ದವಳು ಈಗ 'ಬಸವಲಿಂಗಪ್ಪನವರ ಪತ್ನಿ' ಆಗಿದ್ದಳು.

"ಮನಿಗೆ ಒಂದ ಕಾಲಂ ಅಲ್ಲೇನ," ಎಂದ ಅವನು ಮೆಲ್ಲಗೆ.

ಅವಳು ಪುಸ್ತಕವನ್ನು ನೆಲಕ್ಕಿಟ್ಟಳು. ಅವನು ಕಲಿಸಿದ್ದಂತೆಯೇ ಅಂಗಾಲಿನಿಂದ ಅದನ್ನು ಹಿಂದಕ್ಕೆ ತಳ್ಳಿ, ಬಗ್ಗದೆ, ಕೈಕಟ್ಟಿ ನಿಂತಳು.

ಕೊರಳ ಪಟ್ಟಿಯ ಜೋಳಿಗೆಯಲ್ಲಿ ತೂಗುಬಿಟ್ಟ ಕೈಯನ್ನು ಎದೆಗವಚಿಕೊಂಡು, ನರಳುತ್ತಾ, ಬಸವಲಿಂಗಪ್ಪನೇ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.