ಯಾರೂ ತುಳಿಯದ ರತ್ನಗಂಬಳಿ

ನಮ್ಮವ್ವ ವೆಳ್ಳೈಯಮ್ಮಾಳನ್ನು ಕಂಬಂ ಬಳಿಯ ನಮ್ಮ ಗೂಡಲೂರಿನಲ್ಲಿ ಬಾಯಿಬಡುಕಿ ಅನ್ನುತ್ತಾರೆ. ಅನ್ನಲಿ. ಯಾಕೆ ಬಾಯಿ ಮಾಡಿದಳು ಅಂತ ಒಬ್ಬರಾದರೂ ಕೇಳಿದ್ದಾರಾ? ಅವಳ ಮಗಳು ಸತ್ಯಾ, ನಾನು ಹೇಳುತ್ತೇನೆ.

ಕುಮಳಿ ಘಾಟಿಯ ಮೇಲೆ ಒಂದು ಏಲಕ್ಕಿ ತೋಟದ ಬಂಗಲೆಯಲ್ಲಿ ಅವ್ವ ಇಪ್ಪತ್ತೆರಡು ವರ್ಷ ದುಡಿದಳು. ಅಲ್ಲಿನ ಹಜಾರದಲ್ಲಿ ಪರ್ಷಿಯಾದ ರತ್ನಗಂಬಳಿ ಇತ್ತು. ಇಟ್ಟಿಗೆ ಕೆಂಪು, ಅಂಚಿಗೆ ನೀಲಿ ಹೂಬಳ್ಳಿ. ಅದನ್ನು ನೋಡಿಕೊಳ್ಳುವುದು ಅವ್ವನ ಪಾಲಿಗೆ ಬಂತು. ದೊರೆಸಾನಿ ಕಲಿಸಿದ್ದು ಅರ್ಧ, ಇವಳು ಮುಟ್ಟಿ ಮುಟ್ಟಿ ಕಲಿತದ್ದು ಅರ್ಧ. ಎಳೆ ಮಲಗಿರುವ ಕಡೆಗೇ ಗುಡಿಸಬೇಕು. ಚಹಾ ಚೆಲ್ಲಿದರೆ ಉಜ್ಜಬಾರದು, ಒದ್ದೆ ಬಟ್ಟೆ ಒತ್ತಿ ತೆಗೆಯಬೇಕು. ಆರು ತಿಂಗಳಿಗೊಮ್ಮೆ ದಿಕ್ಕು ಬದಲಿಸಿ ಹಾಸಬೇಕು, ಎಲ್ಲ ಕಡೆಯೂ ಸಮನಾಗಿ ಕಾಲು ಬೀಳಲಿ ಅಂತ. ಎಳೆಬಿಸಿಲಲ್ಲಿ ಮಗುಚಿ ಹಾಕಿ ಬೆನ್ನು ಗುಡಿಸಬೇಕು. ಕತ್ತಲಲ್ಲಿ ಸುಮ್ಮನೆ ಬಿದ್ದ ಉಣ್ಣೆಗೆ ನುಸಿ ಬೀಳುತ್ತದೆ, ಜನ ಓಡಾಡುವ ಕಡೆ ಅದು ಸುಳಿಯುವುದಿಲ್ಲ ಅನ್ನುತ್ತಿದ್ದಳು.

೧೯೯೭ರಲ್ಲಿ ತೋಟ ಮಾರಾಟವಾಯಿತು. ಹೊರಡುವಾಗ ದೊರೆಸಾನಿ ರತ್ನಗಂಬಳಿಯನ್ನು ಅವ್ವನಿಗೇ ಕೊಟ್ಟುಬಿಟ್ಟರು. ಬಸ್ಸಿನ ಟಾಪಿನ ಮೇಲೆ ಬಂದು ನಮ್ಮ ಪಡಸಾಲೆಯಲ್ಲಿ ಕೂತಿತು. ಜೀವಮಾನದಲ್ಲಿ ಅವ್ವ ತನ್ನದು ಅಂದುಕೊಂಡ ವಸ್ತು ಅದೊಂದೇ.

ನಾಲ್ಕು ತಿಂಗಳಿಗೆ ಬಂದ ನೋಡಿ ನನ್ನ ಮಾಮ ಕಾಮರಾಜ್, ಅವ್ವನ ಒಡಹುಟ್ಟಿದ ತಮ್ಮ. ನಮ್ಮ ಕುಲದ ಕೂಟ ಸೇರಿದಾಗ ನಡುವೆ ಕರಿ ಕಂಬಳಿ ಹಾಸಿ, ಅದರ ಮೇಲೆ ಬೇವಿನೆಲೆ ಹಾಕಿದ ನೀರಿನ ಚೊಂಬು ಇಡುತ್ತಾರೆ. ಅದೇ ಸಾಮಿ. ಆ ಕಂಬಳಿ ಕಾಯುವವನು ಮಾಮ.

"ಅಕ್ಕಾ, ಕಂಬಂ, ಚಿನ್ನಮನೂರಿಂದ ಕುಲದ ಪೆರಿಯವ್ರೆಲ್ಲಾ ಬತ್ತಾರೆ. ಕಂಬಳಿ ಅಡೀಲಿ ಹಾಸಕ್ಕೆ ಒಂದೇ ಒಂದಿನ ಕೊಡಕ್ಕಾ" ಎಂದ. ತಮ್ಮ ಅಲ್ಲವೇ, ಕೊಟ್ಟಳು.

ಮಾರನೇ ದಿನ ಕೇಳಲು ಹೋದರೆ ರಾಗವೇ ಬೇರೆ. "ಕಂಬಳಿ ತಾಕಿದ್ಮೇಲೆ ಅದು ಸಾಮಿ ಸೊತ್ತಕ್ಕಾ. ಇನ್ನು ಮನೇಲಿ ಹಾಸಿ ತುಳಿಯಕ್ಕಾಯ್ತದಾ?"

ಎಷ್ಟು ನಯ! ಯಾರ ಕಾಲೂ ಸೋಕಬಾರದು ಅಂತ ಆಗಲೇ ಮಡಚಿ ಮರದ ಪೆಟ್ಟಿಗೆಗೆ ತುರುಕಿ ಬೀಗ ಜಡಿದಿದ್ದ.

"ಇಟ್ಕೋ ಹೋಗಲಿ. ತಿಂಗಳಿಗೊಂದ್ಸಲ ಬಿಚ್ಚು, ನಾನೇ ಬಂದು ಗುಡಿಸ್ತೀನಿ" ಎಂದು ಅವ್ವ ಅಂಗಲಾಚಿದಳು.

"ಸಾಮಿ ಪೆಟ್ಟಿಗೆ ಹೆಂಗಸ್ರು ಮುಟ್ಟಂಗಿಲ್ಲ."

ಇಪ್ಪತ್ತೆರಡು ವರ್ಷ ಮುಟ್ಟಿದ ಕೈ ಅದು! ನನಗೆ ಈಗಲೂ ಮೈ ಉರಿಯುತ್ತದೆ. ಅವ್ವ ತಿಂಗಳು ತಿಂಗಳೂ ಹೋಗಿ ಅವನ ಬಾಗಿಲಲ್ಲಿ ಕೂಗಾಡಿದಳು. ಬಾಯಿಬಡುಕಿ ಎಂಬ ಬಿರುದು ಬಂದದ್ದು ಆಗಲೇ.

೧೯೯೯ರಲ್ಲಿ ಮತ್ತೆ ದೊಡ್ಡ ಕೂಟ ಸೇರಿತು. ಪೆಟ್ಟಿಗೆ ತೆಗೆದು ಬಿಚ್ಚಿದರೆ ಪುರಪುರನೆ ನುಸಿ ಹಾರಿತು. ಕೆಂಪು ಉಣ್ಣೆ ಪುಡಿಯಾಗಿ ಉದುರಿತು. ಮಡಿಕೆ ಇದ್ದ ಕಡೆಯೆಲ್ಲ ಬರೀ ನೂಲು ಕಾಣುತ್ತಿತ್ತು. ನಾವು ಹೆಂಗಸರು ದೂರದಲ್ಲಿ ನಿಂತಿದ್ದೆವು.

"ಅಕ್ಕ ಕೊಟ್ಟಿದ್ದೇ ಹಳೇ ಮಾಲು" ಎಂದ ಮಾಮ, ಹಲ್ಲು ಕಿರಿಯುತ್ತಾ.

ಅವ್ವ ದಡದಡ ಕೂಟದೊಳಗೆ ನುಗ್ಗಿದಳು. ಹಿರಿಯರು ಹಾಂ ಹಾಂ ಎನ್ನುತ್ತಿದ್ದಂತೆ ರತ್ನಗಂಬಳಿಯ ನಡುವೆ ಹೋಗಿ ನಿಂತಳು.

"ತುಳೀಬಾರ್ದು ತುಳೀಬಾರ್ದು ಅಂತ ಕೊಂದೇಬಿಟ್ಟಲ್ಲಡಾ, ಪಾವಿ! ಕಾಲು ಬಿದ್ದಿದ್ರೆ ಇದು ಬದುಕಿರ್ತಿತ್ತಡಾ!"

ಯಾರೂ ತಡೆಯಲಿಲ್ಲ. ಅವ್ವ, ನಾನು ಇಬ್ಬರೂ ರತ್ನಗಂಬಳಿಯನ್ನು ಎಳೆದುಕೊಂಡು ಮನೆಗೆ ಬಂದೆವು. ಎರಡು ತಿಂಗಳು ಬಿಸಿಲಿಗೆ ಹಾಕಿ, ನುಸಿಮೊಟ್ಟೆ ಕೆರೆದು, ಒಂದೊಂದೇ ಗಂಟು ಹಾಕುತ್ತಾ ಅವ್ವ ಅತ್ತಳು. ನಡುವಿನ ತೂತು ಮುಚ್ಚಲೇ ಇಲ್ಲ. ಹಾಗೇ ಪಡಸಾಲೆಯ ಬಾಗಿಲಿಗೆ ಹಾಸಿದಳು.

ದೀಪಾವಳಿಗೆ ಮಾಮ ಬಂದ. ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಬದಿಯಲ್ಲಿ ಬರತೊಡಗಿದ.

"ನಡೂಲಿ ಬಾ" ಎಂದಳು ಅವ್ವ.

"ಸಾಮಿ ಸೊತ್ತಕ್ಕಾ..."

"ತುಳೀ ಅಂದೆ."

ಅವನು ತುಳಿದ. ತೂತಿಗೆ ಹೆಬ್ಬೆರಳು ಸಿಕ್ಕಿ ಮುಗ್ಗರಿಸಿದ. ಅವ್ವ ಬಗ್ಗಿ, ಕಿತ್ತು ಬಂದ ಎಳೆಯನ್ನು ಬೆರಳಲ್ಲಿ ಮಲಗಿಸಿದಳು. ಅವನು ಗೋಡೆಗೊರಗಿ ಕೂರಲು ಹೊರಟ.

"ಕೂರಬೇಡ. ಇದ್ರ ಮೇಲೇ ಇನ್ನೊಂದ್ಸಲ ನಡಿ" ಎಂದಳು.