ಕಣ್ಣಿಗೆ ಹತ್ತಿದ ಅರಿಶಿನ

ಧನಕವಡಿಯ ನಮ್ಮ ಮನೆಯ ಗ್ಯಾಲರಿಯಲ್ಲಿ ಅಕ್ಕನ ಮಗಳಿಗೆ ಮದುವೆಯ ಅರಿಶಿನ ಹಚ್ಚುತ್ತಿದ್ದರು. ಸೋದರಮಾವನೆಂದು ನನ್ನನ್ನೂ ಬಿಡಲಿಲ್ಲ. ಕೀಮೋಥೆರಪಿಯಿಂದ ಬೋಳಾದ ತಲೆ. ಹೆಂಗಸರಿಗೆ ಹಚ್ಚಲು ಜಾಗ ಧಾರಾಳವಾಗಿ ಸಿಕ್ಕಿತು.

ಮದುವೆ ಮುಗಿದರೂ ನನ್ನ ಮೈಯ ಬಣ್ಣ ಹೋಗಲಿಲ್ಲ.

"ಸಾಂಗ್ಲಿ ಅರಿಶಿನ! ಹಂಗ ಹೋಗ್ತದೇನು?" ಎಂದು ಅಕ್ಕ ಬೀಗಿದಳು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಗದ್ದಲದಲ್ಲಿ ನೀರು ಕುಡಿದಿಲ್ಲ ಅಂದುಕೊಂಡೆ. ಹೋಳಿಗೆ ಕಂಡರೆ ಓಕರಿಕೆ, ಕೀಮೋ ಅಂದುಕೊಂಡೆ.

ಸಾಮಾನ್ಯವಾಗಿ ನಾನು ಇಷ್ಟು ಧೈರ್ಯವಂತನಲ್ಲ. ದಿನಾ ಬೆಳಿಗ್ಗೆ ಬ್ಯಾಟರಿ ಹಿಡಿದು ಕನ್ನಡಿಯಲ್ಲಿ ನಾಲಿಗೆ, ಗಂಟಲು, ಕಣ್ಣು ಪರೀಕ್ಷಿಸಿಕೊಳ್ಳುವ ಗಿರಾಕಿ. ಕೆಮ್ಮಿದರೆ ಕ್ಷಯ, ತೇಗಿದರೆ ಹೃದಯ. ಕುತ್ತಿಗೆಯ ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಾಗ, ನಾನು ಹೇಳಿರಲಿಲ್ಲವೇ ಎಂಬಂತೆ ಹೆಂಡತಿ ವಿಜಯಾಳತ್ತ ತಿರುಗಿದ್ದೆ. ಅವಳ ಮುಖ ನೋಡಿದ ಮೇಲೆ ಗೆದ್ದವನ ಹುಮ್ಮಸ್ಸು ಉಳಿಯಲಿಲ್ಲ. ಮದುವೆ ಮುಗಿಯುವ ತನಕ ರೋಗದ ಮಾತೆತ್ತಬಾರದೆಂದು ಅವಳು ಆ ಬ್ಯಾಟರಿಯನ್ನೇ ಎತ್ತಿಟ್ಟಿದ್ದಳು. ಜನ್ಮದಲ್ಲಿ ಒಮ್ಮೆ ನಾನು ಕಣ್ಣು ನೋಡಿಕೊಳ್ಳದೆ ಬಿಟ್ಟದ್ದು ಆಗಲೇ.

ಮದುವೆ ಮುಗಿದ ಮೇಲೆ ಒಂದು ಬೆಳಿಗ್ಗೆ ಚಹಾ ತಂದ ವಿಜಯಾ ತಟ್ಟನೆ ನಿಂತಳು.

"ಬಿಸಲಾಗ ಬರ್ರಿ ಇಲ್ಲೆ." ಕೆಳಗಿನ ರೆಪ್ಪೆ ಎಳೆದು ನೋಡಿದಳು. "ಮೈಗೆ ಅರಿಶಿನಾ ನಾವು ಹಚ್ಚಿದ್ವಿ. ಕಣ್ಣಿಗ್ಯಾರು ಹಚ್ಚಿದ್ರು?"

ನಾನು ನಕ್ಕೆ. ಅವಳು ನಗಲಿಲ್ಲ.

"ಕಾಮಣಿ ಆಗೇದ, ಕಾಮಾಲಿ," ಎಂದಳು ಅಕ್ಕ. "ರಾಂಜಣಗಾಂವದ ಕಡೆ ಒಬ್ಬಾಂವ ಬೇರಿನ ರಸಾ ಕೊಡ್ತಾನ. ಕುಡಿದ್ರ ಇಳೀತದ."

"ಅಕ್ಕಾರ, ರಸಾ ಇರ್ಲಿ. ಮೊದಲ ದವಾಖಾನಿ," ಎಂದು ವಿಜಯಾ ಎದುರಿನ ಪಿಸಿಒಗೆ ಓಡಿದಳು, ಡಾಕ್ಟರಿಗೆ ಫೋನ್ ಮಾಡಲು.

ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ, ಲಿವರಿನ ಸೋಂಕು, ಬಂತು.

"ಕಾಕಾ, ಘಾಬರೂ ನಕಾ," ಎಂದರು ಡಾಕ್ಟರು. ಹೆದರಬೇಡಿ ಎಂದು ಯಾರಾದರೂ ಹೇಳಿದರೇ ನನಗೆ ಕೈಕಾಲು ತಣ್ಣಗಾಗುವುದು. ನಾನು ಈ ವೈರಸ್ಸಿನ ಕ್ಯಾರಿಯರ್, ಬಹುಶಃ ಚಿಕ್ಕಂದಿನಿಂದಲೂ, ಎಂದು ಅವರು ಮರಾಠಿಯಲ್ಲಿ ವಿವರಿಸಿದರು. ಮೈಯ ಪ್ರತಿರೋಧ ಶಕ್ತಿ ಅದನ್ನು ಅದುಮಿಟ್ಟಿತ್ತು. ಕೀಮೋ ಆ ಶಕ್ತಿಯನ್ನು ಕುಗ್ಗಿಸಿತು; ಮಲಗಿದ್ದದ್ದು ಎದ್ದು ಕೂತಿತು. ಶುರುವಿನಲ್ಲೇ ಈ ಟೆಸ್ಟ್ ಮಾಡಿಸಬೇಕಿತ್ತು ಎಂದೂ ನೇರವಾಗಿ ಹೇಳಿದರು. ಯಾಕೋ, ಆ ಮಾತಿನಿಂದಲೇ ಅವರ ಮೇಲೆ ನಂಬಿಕೆ ಹುಟ್ಟಿತು. ಇಲ್ಲದ ರೋಗಗಳಿಗೆಲ್ಲ ಇಷ್ಟು ವರ್ಷ ಹೆದರಿದವನು, ಇದ್ದದ್ದೊಂದನ್ನು ಮಾತ್ರ ನಿಶ್ಚಿಂತೆಯಿಂದ ಸಾಕಿಕೊಂಡು ಬಂದಿದ್ದೆ.

ಲಿವರ್ ಸುಧಾರಿಸದೆ ಕೀಮೋ ಇಲ್ಲ. ಕೀಮೋ ಇಲ್ಲದೆ ಗಂಟು ಸುಮ್ಮನಿರುವುದಿಲ್ಲ.

"ಲಿವರ್ ಸುಧಾರಿಸದಿದ್ದರೆ?" ಎಂದು ಕೇಳಿದೆ.

ಡಾಕ್ಟರು ವೈರಸ್ಸನ್ನು ಅದುಮುವ ಲ್ಯಾಮಿವುಡಿನ್ ಎಂಬ ಗುಳಿಗೆ ಬರೆಯುತ್ತಾ ಕೂತರು.

ಗುಳಿಗೆ ಶುರುವಾದ ಮೇಲೂ ರಕ್ತದಲ್ಲಿ ಕಾಮಾಲೆಯ ಅಳತೆಯಾದ ಬಿಲಿರುಬಿನ್ ಏರಿತು. ಮೈತುಂಬ ತುರಿಕೆ. ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ವಿಜಯಾಳಿಗೂ ನಮ್ಮ ಮಗಳಿಗೂ ಪರೀಕ್ಷೆಯಾಯಿತು. ಇಬ್ಬರಿಗೂ ಸೋಂಕಿರಲಿಲ್ಲ, ಲಸಿಕೆ ಹಾಕಿದರು. ಆ ದಿನ ನಾನು ಮಗ್ಗುಲಾಗಿ ಗೋಡೆ ಕಡೆ ಮುಖ ಮಾಡಿ ಅತ್ತೆ. ಮಗಳು ಬೆನ್ನು ಕೆರೆಯುತ್ತಾ, "ಅಪ್ಪಾ, ಒಳ್ಳೇ ಸುದ್ದಿಗೂ ಅಳ್ತಿಯಲ್ಲೋ," ಎಂದಳು. ಅಕ್ಕ ರಸದ ಮಾತು ಬಿಟ್ಟು ದಿನಾ ಗಂಜಿ ಕಾಸಿ ತಂದಳು.

ಆಮೇಲೆ ಬಿಲಿರುಬಿನ್ ನಿಂತಿತು. ನಿಧಾನವಾಗಿ ಇಳಿಯಿತು. ಗುಳಿಗೆಯ ಕಾವಲಿನಲ್ಲೇ ಉಳಿದ ಕೀಮೋ ಕೂಡ ಮುಗಿಯಿತು. ಸ್ಕ್ಯಾನಿನಲ್ಲಿ ಗಂಟಿಲ್ಲ, ಸದ್ಯಕ್ಕೆ. ಈ "ಸದ್ಯಕ್ಕೆ" ನನ್ನಂಥವನಿಗೆ ಒಗ್ಗುವ ಶಬ್ದವಲ್ಲ. ಆದರೂ ಅದರೊಳಗೇ ಊಟ, ನಿದ್ದೆ, ಆಫೀಸು ಎಲ್ಲ ಹಿಡಿಸುತ್ತಿವೆ. ಗುಳಿಗೆ ಮಾತ್ರ ಮುಂದುವರಿದಿದೆ. ನಾವಾಗಿಯೇ ನಿಲ್ಲಿಸಕೂಡದೆಂದು ಡಾಕ್ಟರು ನನಗಲ್ಲ, ವಿಜಯಾಳಿಗೆ ಹೇಳಿ ಕಳಿಸಿದ್ದಾರೆ.

ಈಗ ದಿನಾ ಬೆಳಿಗ್ಗೆ ಅವಳು ನನ್ನನ್ನು ಗ್ಯಾಲರಿಯ ಬಿಸಿಲಿಗೆ ನಿಲ್ಲಿಸಿ ರೆಪ್ಪೆ ಎಳೆಯುತ್ತಾಳೆ.

"ನನ್ನ ಬ್ಯಾಟರಿ ಕೊಡ. ನಾನ ನೋಡ್ಕೋತೀನಿ."

"ಬ್ಯಾಡ್ರಿ. ನೀವು ಇದ್ದದ್ದಕ್ಕಿಂತ ಇಲ್ಲದ್ದನ್ನ ಭಾಳ ನೋಡ್ತೀರಿ."

ಅವಳು ನೋಡುವಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದಿರುತ್ತೇನೆ. "ಬೆಳ್ಳಗ ಅದಾವ," ಎಂದ ಮೇಲೆ ಬಿಡುತ್ತೇನೆ. ಆಮೇಲೆ ಗುಳಿಗೆ, ಆಮೇಲೆ ಚಹಾ.

ಮೊನ್ನೆ ಗಮನಿಸಿದೆ. ಅವಳೂ ಉಸಿರು ಹಿಡಿದಿರುತ್ತಾಳೆ.