ಇಪ್ಪತ್ತೆರಡರ ಕಿಂಡಿ

ಕೆಲಸ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿಯನ್ನು ಸಣ್ಣದು ಮಾಡುವುದು ಶಹಾಬಾದಿನ ಫೋಟೋಗ್ರಾಫರ್ ರಾಜರತ್ನನ ಚಟ. ಕಿಂಡಿ ಕಿರಿದಾದರೆ ಮುಂದಿನವರೂ ಹಿಂದಿನವರೂ ಒಂದೇ ಸಮ ಸ್ಪಷ್ಟವಾಗಿ ಬರುತ್ತಾರೆಂದು ರೀಲಿನ ಕಾಲದ ಉಸ್ತಾದ ಶಹಾಬುದ್ದೀನ ಅವನ ತಲೆಗೆ ತುಂಬಿದ್ದರು. ಇಪ್ಪತ್ತು ವರ್ಷ ಯಾರೂ ತಕರಾರು ತೆಗೆಯಲಿಲ್ಲ. ಮದುವೆ ಮನೆಯವರು ಹುಡುಕುವುದು ತಮ್ಮ ಮುಖವನ್ನು, ಕೂದಲೆಳೆಯನ್ನಲ್ಲ.

ಭಂಕೂರದ ಅನಸುಬಾಯಿಯ ಮನೆಯಲ್ಲಿ ಬೇಕಾಗಿದ್ದುದು ಕೂದಲೆಳೆಯೇ. ಊರಾಚೆಯ ಗಣಿಯಲ್ಲಿ ಮದ್ದು ಸಿಡಿಸಿದಾಗಲೆಲ್ಲ ಅವಳ ಗೋಡೆಗಳು ಸಣ್ಣಗೆ ಬಿರಿಯುತ್ತಿದ್ದವು. ಸಿಡಿತ ನಿಲ್ಲಿಸಬೇಕಾದರೆ ಪುರಾವೆ ಬೇಕು, ನಿಲ್ಲದಿದ್ದರೆ ಮಳೆಗಾಲಕ್ಕೆ ಮನೆ ಉಳಿಯದು. ರಾಜರತ್ನ ಸ್ಟ್ಯಾಂಡ್ ಹೂಡಿ, ಕಿಂಡಿಯನ್ನು ಅತಿ ಸಣ್ಣ ಅಳತೆಯಾದ ಇಪ್ಪತ್ತೆರಡಕ್ಕೆ ಇಳಿಸಿ, ಗೋಡೆಯುದ್ದಕ್ಕೂ ಫೋಟೋ ತೆಗೆದ. ಬುದ್ಧ ಪೂರ್ಣಿಮೆ ಹತ್ತಿರವಿತ್ತು. ಆ ಓಣಿಯಲ್ಲಿ ಹಬ್ಬಕ್ಕೆ ಸುಣ್ಣ ಕಾಣದ ಮನೆಯಿಲ್ಲ.

"ನನ್ನ ಕೆಲಸ ಆಯ್ತಕ್ಕ. ಇನ್ನ ಸುಣ್ಣ ಬಳೀರಿ," ಎಂದು ತಾನೇ ಹೇಳಿ ಬಂದ.

ಅನಸುಬಾಯಿಯ ಅರ್ಜಿ ನೋಡುತ್ತಿದ್ದ ಗಣಿ ಇಲಾಖೆಯ ಅಧಿಕಾರಿ ಫೋಟೋಗಳನ್ನು ತಿರುವಿ ಹಾಕಿದರು. "ಬಿರುಕು ಎಲ್ಲದರಿ ಇದರಾಗ? ಮಸಿ ಹಿಡದಂಗ ಕಾಣ್ತದ. ನಾಳಿಗಿ ಚಲೋ ಫೋಟೋ ತರ್ರಿ, ಇಲ್ಲಂದ್ರ ಅರ್ಜಿ ಮುಚ್ಚತೀವಿ."

ರಾಜರತ್ನ ಕ್ಯಾಮೆರಾ ರಿಪೇರಿಯ ಅಸದನಿಗೆ ಫೋನ್ ಹಚ್ಚಿದ.

"ಭಾಳ ಸಣ್ಣ ಕಿಂಡಿ ಇಟ್ಟೀದಿ," ಅಂದ ಅಸದ. "ಅದರಾಗ ತೂರಿದ ಬೆಳಕು ಅಂಚಿಗಿ ಹರಡತದ. ಒಂದೊಂದು ಚುಕ್ಕಿನೂ ಉಬ್ಬಿ ಪಕ್ಕದ್ದರ ಮ್ಯಾಲೆ ಬೀಳತದ. ಫೋಕಸ್ ಎಷ್ಟು ಸರಿ ಇದ್ರೂ ಸಣ್ಣ ಗೆರಿ ಉಳಿಯಂಗಿಲ್ಲ."

ನಂಬಲಾರದೆ ರಾಜರತ್ನ ತನ್ನ ಅಂಗಡಿಯ ಹಾಸುಗಲ್ಲಿನ ಮೇಲೆ ತನ್ನದೇ ತಲೆಗೂದಲೊಂದನ್ನಿಟ್ಟು ಫೋಟೋ ತೆಗೆದ. ಕಿಂಡಿ ಹಿಗ್ಗಿಸಿ ಎಂಟಕ್ಕಿಟ್ಟರೆ ಕೂದಲು ಕೂದಲೇ. ಇಪ್ಪತ್ತೆರಡರಲ್ಲಿ ಒದ್ದೆ ಕಾಗದದ ಮೇಲೆ ಎಳೆದ ಶಾಯಿ. ಕಾಟಾಚಾರಕ್ಕೆ ತೆಗೆದಿದ್ದರೂ ಬರುತ್ತಿದ್ದ ಬಿರುಕನ್ನು ಅವನ ಕಾಳಜಿಯೇ ಅಳಿಸಿ ಹಾಕಿತ್ತು.

ಗಾಡಿ ಹತ್ತಿ ಭಂಕೂರ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅನಸುಬಾಯಿ ಕೈಗಂಟಿದ ಸುಣ್ಣ ಒರೆಸಿಕೊಳ್ಳುತ್ತ ನಕ್ಕಳು.

"ಬಿರುಕಿನ್ಯಾಗೆಲ್ಲ ಸಿಮೆಂಟ್ ತುಂಬಿಸೀನಿ ತಮ್ಮ. ಫೋಟೋದಾಗ ಎಲ್ಲಾ ಬಂದದಲ್ಲ?"

ಅಷ್ಟರಲ್ಲಿ ಮದ್ದು ಸಿಡಿಸುವ ಮುಂಚಿನ ಗಣಿಯ ಸೈರನ್ ಕೂಗಿತು. ರಾಜರತ್ನ ಕಿಂಡಿಯನ್ನು ಎಂಟಕ್ಕೆ ತಂದು ಕ್ಯಾಮೆರಾವನ್ನು ಗೋಡೆಗೆ ಹಿಡಿದ. ಬಿರಿಯಲಿ, ಒಂದೇ ಒಂದು ಕಡೆ ಬಿರಿಯಲಿ ಎಂದು ಅವಳ ಮನೆಯಲ್ಲೇ ನಿಂತು ಬೇಡಿಕೊಂಡ. ಹಾಗೆ ಬೇಡಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ನೆಲ ಗಡಗಡ ನಡುಗಿ ನಿಂತಿತು. ಗೋಡೆಗೆ ಏನೂ ಆಗಲಿಲ್ಲ.

"ನೋಡಿದೇನು, ಈ ಸಲ ತಡೀತು," ಎಂದಳು ಅನಸುಬಾಯಿ, ಬಹಳ ಖುಷಿಯಿಂದ.